ದೊಡ್ಡಕ್ಕನಿಗೆ ಕೇಳಿಸದ ಮೂರು ಉತ್ತರ

೨೦೨೪ರ ಜುಲೈ. ಬಸವನಗುಡಿಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರೊಬ್ಬರ ಕ್ಲಿನಿಕ್ಕಿನ ಮಹಡಿಯ ಮೇಲೆ ನನ್ನ ಶ್ರವಣ ಪರೀಕ್ಷೆಯ ಕೋಣೆ. ಅಲ್ಲಿ ಆಡಿಯಾಲಜಿಸ್ಟ್ ಆಗಿ ಕೂತು ಹತ್ತೊಂಬತ್ತು ವರ್ಷ ಕಳೆದಿತ್ತು. ಕಿವಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು, ಕಡಿಮೆಯಿದ್ದರೆ ಶ್ರವಣಯಂತ್ರ ಹೊಂದಿಸಿ ಕೊಡುವುದು, ಇಷ್ಟೇ ನನ್ನ ಕೆಲಸ. ನಾನು ಡಾಕ್ಟರಲ್ಲ. ಹತ್ತೊಂಬತ್ತು ವರ್ಷದಿಂದ ಬಂದವರಿಗೆಲ್ಲ ಇದನ್ನು ಬಿಡಿಸಿ ಹೇಳುತ್ತಿದ್ದೇನೆ, ಅವರೆಲ್ಲ ‘ಆಯ್ತು ಡಾಕ್ಟ್ರೆ’ ಎನ್ನುತ್ತಾರೆ.

ನನ್ನ ಸ್ವಭಾವವನ್ನೂ ಇಲ್ಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಗ್ಯಾಸ್ ಆರಿಸಿದ್ದೇನೆಯೇ ಎಂದು ಕ್ಲಿನಿಕ್ಕಿನಿಂದ ಮನೆಗೆ ಫೋನ್ ಮಾಡಿ, ಫೋನ್ ಎತ್ತಲು ಎದ್ದು ಬಂದ ಅತ್ತೆಗೆ ‘ಅಷ್ಟು ಅವಸರವಾಗಿ ಯಾಕೆ ಬಂದ್ರಿ, ಬಿದ್ದಿದ್ರೆ?’ ಎಂದು ಗದರುವ ಪೈಕಿ ನಾನು. ಇಂಥವಳಿಗೆ ಈ ಕೆಲಸ ಒಗ್ಗಿದ್ದಕ್ಕೆ ಕಾರಣವಿದೆ. ದಪ್ಪ ಬಾಗಿಲಿನ ಸೌಂಡ್‌ಪ್ರೂಫ್ ಕೋಣೆಯೊಳಗೆ ರೋಗಿ, ಹೊರಗೆ ಯಂತ್ರದ ಮುಂದೆ ನಾನು, ನಡುವೆ ಒಂದು ಸಣ್ಣ ಗಾಜು. ಒಳಗಿನ ಮೈಕು ಅವರ ಮಾತನ್ನು ನನ್ನ ಹೆಡ್‌ಫೋನಿಗೆ ತರುತ್ತದೆ. ದಿನದಲ್ಲಿ ಅಷ್ಟು ಹೊತ್ತು ಮಾತ್ರ ಜಗತ್ತಿನಲ್ಲಿ ಇನ್ನೇನು ಹಾಳಾಗುತ್ತಿದೆ ಎಂಬುದು ನನಗೆ ಕೇಳಿಸುವುದಿಲ್ಲ.

ಅವತ್ತು ಮಧ್ಯಾಹ್ನ ಕೆಳಗಿನ ವೈದ್ಯರ ಚೀಟಿ ಹಿಡಿದು ಇಬ್ಬರು ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಮುಂದಿದ್ದವರಿಗೆ ಎಪ್ಪತ್ತಾರು ವರ್ಷ. ಬಿಳಿ ಕೈಮಗ್ಗದ ಸೀರೆ, ಹಣೆಯ ಮೇಲೆ ವಿಭೂತಿಯ ಮೂರು ಗೆರೆ, ಕೊರಳಲ್ಲಿ ಇಷ್ಟಲಿಂಗವಿಡುವ ಪುಟ್ಟ ಬೆಳ್ಳಿಯ ಕರಡಿಗೆ. ಚಾಮರಾಜಪೇಟೆಯ ಐದನೇ ಮುಖ್ಯರಸ್ತೆಯಲ್ಲಿ ಹಿಂದಿನಿಂದ ಬಂದ ಆಟೋ ಹಾರ್ನ್ ಹೊಡೆದರೂ ಇವರು ಸರಿದಿರಲಿಲ್ಲ. ಮೊಣಕೈ ತರಚಿತ್ತು, ಪಟ್ಟಿ ಕಟ್ಟಿದವರು ಕಿವಿಯನ್ನೂ ಒಮ್ಮೆ ತೋರಿಸಿಬಿಡಿ ಎಂದಿದ್ದರಂತೆ. ಜೊತೆಗಿದ್ದವಳು ಸುವರ್ಣ, ಇಪ್ಪತ್ತೊಂಬತ್ತು ಇರಬಹುದು, ಅವಳದೂ ಅದೇ ಬಿಳಿ ಸೀರೆ. ಇಬ್ಬರೂ ಚಾಮರಾಜಪೇಟೆಯಲ್ಲಿ ಜನ ‘ಅಕ್ಕಂದಿರ ಮನೆ’ ಎನ್ನುವ ಕಡೆಯವರು. ಮದುವೆ, ಮನೆ, ಆಸ್ತಿ ಎಲ್ಲ ಬಿಟ್ಟು ಒಟ್ಟಿಗೆ ಬಾಳುವ ಶರಣೆಯರ ಮನೆ ಅದು. ಆಗ ಒಂಬತ್ತು ಜನರಿದ್ದರು. ಹಿರಿಯರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮನೆಯ ನಿಜವಾದ ಹೆಸರನ್ನಾಗಲಿ ಇವರ ಹೆಸರುಗಳನ್ನಾಗಲಿ ನಾನಿಲ್ಲಿ ಬರೆಯುತ್ತಿಲ್ಲ. ‘ಬದಲಾಯಿಸಿ ಬರೀರಿ’ ಎಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ದೊಡ್ಡಕ್ಕನನ್ನು ಒಳಗೆ ಕೂರಿಸಿ ಪರೀಕ್ಷೆ ಮಾಡಿದೆ. ಕುಂಯ್ ಎನ್ನುವ ಸಣ್ಣ ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು. ಇಪ್ಪತ್ತೈದು ಡೆಸಿಬಲ್‌ನೊಳಗೆ ಕೇಳಿಸಿದರೆ ಕಿವಿ ಸರಿಯಿದೆ ಎಂದು ಲೆಕ್ಕ. ಅವರ ಬಲಗಿವಿಗೆ ಅರವತ್ತೈದು ಬೇಕಾಯಿತು, ಎಡಗಿವಿಗೆ ಎಪ್ಪತ್ತು. ನಾವು ಎದುರುಬದುರು ಕೂತು ಆಡುವ ಮಾತು ಸುಮಾರು ಅರವತ್ತು. ಅಂದರೆ ಎದುರಿಗಿರುವವರ ಮಾತು ಇವರ ಕಿವಿಯ ಬಾಗಿಲವರೆಗೆ ಬಂದು ಹಿಂದಿರುಗುತ್ತಿತ್ತು. ಆದರೂ ಮೆಟ್ಟಿಲು ಹತ್ತಿ ಬಂದಾಗ ನಾನು ಕೇಳಿದ ನಾಲ್ಕು ಪ್ರಶ್ನೆಗೂ ಸರಿಯಾಗಿ ಉತ್ತರಿಸಿದ್ದರು. ಗಾಜಿನಾಚೆ ಅವರ ಕಣ್ಣು ನನ್ನ ತುಟಿಯ ಮೇಲೇ ನೆಟ್ಟಿದ್ದನ್ನು ನೋಡಿದಾಗ ಅರ್ಥವಾಯಿತು. ತುಟಿಯ ಚಲನೆ ಓದಿ ಎಷ್ಟೋ ವರ್ಷದಿಂದ ಬದುಕು ಸಾಗಿಸಿದವರು ಇವರು.

ಯಾವಾಗಿನಿಂದ ಹೀಗೆ ಎಂದು ಹೊರಗೆ ಕೂತಿದ್ದ ಸುವರ್ಣಳನ್ನು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ದೊಡ್ಡಕ್ಕನಿಗೆ ಕಿವಿ ಕೇಳಿಸುವುದಿಲ್ಲವೆಂದು ಆ ಮನೆಯಲ್ಲಿ ಯಾರೂ ತಿಳಿದಿರಲಿಲ್ಲ. ಕೋವಿಡ್ ಬಂದ ವರ್ಷ ದೊಡ್ಡಕ್ಕ ಮೌನಕ್ಕೆ ಇಳಿದರು ಎಂದೇ ಎಲ್ಲರ ನಂಬಿಕೆ. ಕರೆದರೆ ತಿರುಗುತ್ತಿರಲಿಲ್ಲ, ಕೇಳಿದರೆ ಅಪರೂಪಕ್ಕೆ ಒಂದೆರಡು ಮಾತು, ಉಳಿದಂತೆ ಬರೀ ನಗು. ಬೆಳಗಿನ ಲಿಂಗಪೂಜೆಯಲ್ಲಿ ಅಂಗೈಯ ಲಿಂಗದ ಮೇಲೆ ದೃಷ್ಟಿಯಿಟ್ಟು ಕೂತರೆ ಪಕ್ಕದಲ್ಲಿ ತಾಮ್ರದ ಬಿಂದಿಗೆ ಉರುಳಿದರೂ ಅಲುಗುತ್ತಿರಲಿಲ್ಲ. ಇಂಥ ಏಕಾಗ್ರತೆ ಈ ಕಾಲದಲ್ಲಿ ಎಲ್ಲಿದೆ ಎಂದು ಸುದ್ದಿ ಹಬ್ಬಿ, ಸೋಮವಾರ ಸೋಮವಾರ ಪೇಟೆಯ ವರ್ತಕರು ಬಂದು ಅಂಗಡಿ ವಿಸ್ತರಿಸಲೇ, ಬೇಡವೇ ಎಂದು ಕೇಳಿ, ದೊಡ್ಡಕ್ಕನ ನಗೆಯಲ್ಲಿ ತಮಗೆ ಬೇಕಾದ ಉತ್ತರ ಹುಡುಕಿಕೊಂಡು ಹೋಗುತ್ತಿದ್ದರಂತೆ.

ನನಗೆ ಒಳಗೊಳಗೇ ಹೆಮ್ಮೆಯೆನಿಸಿತು. ಇಡೀ ಚಾಮರಾಜಪೇಟೆ ನಾಲ್ಕು ವರ್ಷ ತಪ್ಪು ತಿಳಿದಿದ್ದನ್ನು ನಾನು ನಲವತ್ತು ನಿಮಿಷದಲ್ಲಿ ಕಂಡುಹಿಡಿದಿದ್ದೆ. ‘ಮೌನ ಅಲ್ಲಮ್ಮ ಅದು. ಮಾಸ್ಕ್ ಬಂತಲ್ಲ, ತುಟಿ ಮುಚ್ಚಿಹೋಯ್ತು, ಅವರಿಗೆ ಓದೋಕೆ ಏನೂ ಉಳಿಲಿಲ್ಲ’ ಎಂದೆ.

ಸುವರ್ಣ ಗಾಜಿನಾಚೆಯ ದೊಡ್ಡಕ್ಕನ ಕಡೆ ನೋಡಿದಳು. ಆಮೇಲೆ ಬಹಳ ನಿಧಾನವಾಗಿ ಕೇಳಿದಳು: ‘ಹಾಗಾದ್ರೆ ಮಾಸ್ಕ್ ಹಾಕ್ಕೊಂಡು ನಾವು ಹೇಳಿದ್ದು ಯಾವುದೂ ಅವರಿಗೆ ಕೇಳಿಸಿರಲ್ವಾ?’

‘ಒಂದು ಮಾತೂ ಕೇಳಿಸಿರೋದಿಲ್ಲ’ ಎಂದೆ, ಆಡಿಯೋಗ್ರಾಮ್ ಎನ್ನುವ ಪರೀಕ್ಷೆಯ ನಕ್ಷೆಯ ಮೇಲೆ ಬೆರಳಿಟ್ಟು, ಬಹುಮಾನ ಬಂದವಳ ಹಾಗೆ.

ಪರೀಕ್ಷೆಯ ಫಲಿತಾಂಶವನ್ನು ಮೊದಲು ರೋಗಿಗೆ ಹೇಳಬೇಕು, ಜೊತೆಗೆ ಬಂದವರಿಗಲ್ಲ. ಕೆಲಸ ನೋಡಿ ಕಲಿಯಲು ಬರುವ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನೇ ಕಲಿಸುವ ಪಾಠ ಇದು. ಸುವರ್ಣ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಅವಳ ಹೆಬ್ಬೆರಳು ಮತ್ತು ತೋರುಬೆರಳು ಇಲ್ಲದ ದಾರವೊಂದನ್ನು ಹೊಸೆಯುತ್ತಲೇ ಇದ್ದವು. ಬಿಸಿಲಿಗೆ ಬಂದು ಆಯಾಸವಾಗಿರಬೇಕು ಎಂದುಕೊಂಡು ಒಂದು ಲೋಟ ನೀರು ಕೊಟ್ಟೆ. ನಾನು ಏನು ಮಾಡಿದೆ ಎಂಬುದು ತಿಳಿಯಲು ನನಗೆ ಇನ್ನೂ ಐದು ವಾರ ಬೇಕಾಯಿತು.

ಯಂತ್ರ ಹಾಕಿಸಲು ದೊಡ್ಡಕ್ಕ ಒಪ್ಪಿದರು. ಒಪ್ಪದೇ ಇದ್ದವರು ಪಾರ್ವತಕ್ಕ. ಆ ಮನೆಯಲ್ಲಿ ಎರಡನೆಯ ಹಿರಿಯರು, ಅಡುಗೆ, ಬೀಗದ ಕೈ, ಬಂದವರ ಉಪಚಾರ ಎಲ್ಲವೂ ಅವರದೇ. ದೊಡ್ಡಕ್ಕನ ಮೌನವನ್ನು ಅವರಷ್ಟು ಭಕ್ತಿಯಿಂದ ಕಾಪಾಡಿದವರಿರಲಿಲ್ಲ; ಮೌನಕ್ಕೆ ಭಂಗವಾಗಬಾರದೆಂದು ಸೋಮವಾರದ ಸಾಲಿನಲ್ಲಿ ಕೆಮ್ಮಿದವರನ್ನೂ ಅವರು ಹೊರಗೆ ಕಳಿಸುತ್ತಿದ್ದರಂತೆ. ಯಂತ್ರ ಹೊಂದಿಸುವ ದಿನ ನನ್ನೆದುರು ಕೂತು, ಕೊಟ್ಟ ಕಾಫಿ ಮುಟ್ಟದೆ ಹೇಳಿದರು: ‘ನಲವತ್ತು ವರ್ಷದ ಸಾಧನೆ ಅದು. ನೀವು ನೋಡಿದ್ರೆ ಬ್ಯಾಟ್ರಿ ಹಾಕ್ತೀನಿ ಅಂತೀರಿ.’

ಬ್ಯಾಟರಿ ಹಾಕಿದೆ. ದೊಡ್ಡಕ್ಕ ತಲೆಯೆತ್ತಿ ಮೇಲೆ ನೋಡಿದರು. ಮೊದಲ ಸಲ ಯಂತ್ರ ಹಾಕಿಕೊಂಡವರು ಮಕ್ಕಳ ದನಿ ಕೇಳಿ ಅಳುತ್ತಾರೆ ಎಂದು ಜನ ಊಹಿಸುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚಿನವರು ಫ್ಯಾನನ್ನು ಬೈಯುತ್ತಾರೆ. ದೊಡ್ಡಕ್ಕನೂ ‘ಇದು ಯಾವಾಗ್ಲೂ ಇಷ್ಟು ಗಲಾಟೆ ಮಾಡುತ್ತಾ?’ ಎಂದರು. ಆಮೇಲೆ ತಮ್ಮದೇ ಸೆರಗನ್ನು ಕಿವಿಯ ಹತ್ತಿರ ತಂದು ಉಜ್ಜಿ ನೋಡಿಕೊಂಡರು. ಅದರ ಸದ್ದು ಅವರಿಗೆ ಹಿಡಿಸಿತು.

ಮುಂದಿನ ಸೋಮವಾರ ಬಂದ ವರ್ತಕರೊಬ್ಬರು ಅಂಗಡಿ ವಿಸ್ತರಿಸಲೇ ಎಂದು ಎಂದಿನಂತೆ ಕೇಳಿದಾಗ ದೊಡ್ಡಕ್ಕ, ‘ನನಗೇನು ಗೊತ್ತಪ್ಪ, ನಿಮ್ಮ ಮನೆಯೋರ್ನ ಕೇಳಿ’ ಎಂದರಂತೆ. ಮೂರು ವಾರದಲ್ಲಿ ಸೋಮವಾರದ ಸಾಲು ಅರ್ಧವಾಯಿತು. ಪಾರ್ವತಕ್ಕ ಇದನ್ನೂ ನನ್ನ ಲೆಕ್ಕಕ್ಕೇ ಬರೆದರು.

ಆಗಸ್ಟಿನ ಕೊನೆಯ ವಾರ ದೊಡ್ಡಕ್ಕ ಮತ್ತೆ ಬಂದರು. ಪಾರ್ವತಕ್ಕನನ್ನು ಗಾಂಧಿಬಜಾರಿಗೆ ಹೂವು ತರಲು ಕಳಿಸಿ, ಮೆಟ್ಟಿಲಿಳಿಯುವ ಸದ್ದು ಮುಗಿಯುವವರೆಗೆ ಕಾದರು. ಆ ಸದ್ದು ಈಗ ಅವರಿಗೆ ಕೇಳಿಸುತ್ತಿತ್ತು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಬಾಯಿ ನೋಡದೆ, ಬರೀ ಕಿವಿಯಿಂದ, ಒಬ್ಬರ ಒಂದು ಮಾತನ್ನು ತಪ್ಪಿಲ್ಲದೆ ಕೇಳಲು ಈ ಯಂತ್ರದಿಂದ ಆಗುತ್ತದೆಯೇ?

ಯಾಕೆ ಎಂದೆ. ಯಾಕೆಂದು ಹೇಳಲು ಅವರು ಆ ಮನೆಯ ಕಥೆಯನ್ನೇ ಹೇಳಬೇಕಾಯಿತು.

ನೂರು ವರ್ಷಕ್ಕೂ ಹಿಂದೆ ಆ ಮನೆ ಕಟ್ಟಿದವರು ಪೇಟೆಯ ಕಾಳುಕಡ್ಡಿ ವ್ಯಾಪಾರದ ಮನೆಯ ಸೊಸೆ, ಚಿಕ್ಕ ವಯಸ್ಸಿಗೇ ವಿಧವೆಯಾದವರು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಚಾಮರಾಜಪೇಟೆಗೆ ಬಂದಾಗ ಇವರ ಪಾಲಿಗೂ ಒಂದು ಮನೆ ಬಂತು. ಶಿವನ ಧ್ಯಾನ, ಕಾಯಕದ ಊಟ, ಇಷ್ಟರಲ್ಲಿ ಬದುಕಬೇಕೆಂದಿದ್ದ ಹೆಂಗಸರಿಗೆ ಅವರು ಬಾಗಿಲು ತೆರೆದರು. ಕಾಯಕವೆಂದರೆ ಶಿವದಾರ ಹೊಸೆಯುವುದು, ಅಂದರೆ ಇಷ್ಟಲಿಂಗವನ್ನು ಕೊರಳಲ್ಲಿ ಧರಿಸುವ ದಾರ. ಇಂದಿಗೂ ಆ ಮನೆಯವರು ಅದನ್ನೇ ಮಾಡುತ್ತಾರೆ. ಬಾಗಿಲು ತೆರೆದದ್ದೇ ತಡ, ಬೇಡವಾದ ಹೆಣ್ಣುಮಕ್ಕಳನ್ನು ತಂದು ಬಿಡುವ ಮನೆಗಳೂ ಹುಟ್ಟಿಕೊಂಡವು. ‘ನನ್ನ ಇಷ್ಟದಿಂದ ಬಂದಿದ್ದೇನೆ’ ಎಂದು ಬರೆದ ಕಾಗದಕ್ಕೆ ಹುಡುಗಿಯ ಹೆಬ್ಬೆಟ್ಟು ಒತ್ತಿಸಿ ಅಣ್ಣಂದಿರು ಕೈತೊಳೆದುಕೊಳ್ಳುತ್ತಿದ್ದರು. ಒಬ್ಬ ಹುಡುಗಿ ಎರಡು ವರ್ಷ ಬಾಯಿಬಿಡದೆ ಇದ್ದು, ಊರಿನಲ್ಲಿ ತನ್ನ ಕೂಸಿದೆ ಎಂದು ಒಂದು ದಿನ ಹೇಳಿದಳಂತೆ.

ಅಂದಿನಿಂದ ಆ ಮನೆಯಲ್ಲಿ ಕಾಗದ ನಡೆಯುವುದಿಲ್ಲ. ಹೊಸಬಳು ಎರಡು ವರ್ಷ ಇರಬೇಕು. ಆಮೇಲೆ ಒಂದು ದಿನ ಮನೆಯ ಹಿರಿಯಳು ಅವಳೊಬ್ಬಳನ್ನೇ ಪೂಜಾಕೋಣೆಗೆ ಕರೆದು ಬಾಗಿಲು ಹಾಕುತ್ತಾಳೆ. ಮೂರು ಸಲ ಒಂದೇ ಪ್ರಶ್ನೆ: ‘ಹೊರಗೆ ನಿನ್ನನ್ನ ಕಾಯ್ತಿರೋರು ಯಾರಾದ್ರೂ ಇದಾರಾ?’ ಉತ್ತರ ಅವಳ ಸ್ವಂತ ದನಿಯಲ್ಲೇ ಬರಬೇಕು. ಇದ್ದಾರೆ ಎಂದರೆ ಹೊಸ ಸೀರೆ ಉಡಿಸಿ, ಊಟ ಹಾಕಿ, ಒಂದು ಮಾತೂ ಆಡದೆ ಕಳಿಸಿಕೊಡಬೇಕು. ಯಾರಿಗೋ ಬೇಕಾದವಳನ್ನು ಶಿವನ ಹೆಸರಿನಲ್ಲಿ ಇಟ್ಟುಕೊಳ್ಳಬಾರದು ಎಂಬುದು ಮೊದಲಿನವರ ಕಟ್ಟಳೆ. ಇಲ್ಲ ಎಂದರೆ ಹಿರಿಯಳು ತಲೆಯಾಡಿಸಿ ಬಿಳಿ ಸೀರೆ ಕೊಡುತ್ತಾಳೆ. ಅಲ್ಲಿ ಆಡಿದ ಮಾತನ್ನು ಇಬ್ಬರೂ ಮತ್ತೆಂದೂ ಎತ್ತುವಂತಿಲ್ಲ.

೨೦೨೧ರ ಜನವರಿಯಲ್ಲಿ ಸುವರ್ಣಳ ಸರದಿ ಬಂತು. ಮನೆಯಲ್ಲಿ ವಯಸ್ಸಾದವರೇ ಹೆಚ್ಚೆಂದು ಪಾರ್ವತಕ್ಕ ಪೂಜಾಕೋಣೆಯಲ್ಲೂ ಮಾಸ್ಕ್ ತೆಗೆಯಲು ಬಿಟ್ಟಿರಲಿಲ್ಲ. ದೊಡ್ಡಕ್ಕ ಮೂರು ಸಲ ಕೇಳಿದರು. ಸುವರ್ಣ ಮೂರು ಸಲವೂ ಏನೋ ಹೇಳಿದಳು. ದೊಡ್ಡಕ್ಕ ಮೂರು ಸಲವೂ ತಲೆಯಾಡಿಸಿದರು.

‘ಕೇಳಿಸಿರಲಿಲ್ಲ. ಕೇಳಿಸಿಲ್ಲ ಅನ್ನೋದು ನನಗೆ ಗೊತ್ತಿತ್ತು ಕಣಮ್ಮ’ ಎಂದರು. ‘ಅಷ್ಟು ಹೊತ್ತಿಗೆ ಎಲ್ರೂ ಮೌನ ಮೌನ ಅಂತ ಕೈ ಮುಗೀತಿದ್ರು. ಕಿವುಡಿ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಇವಳಿಗೆ ಯಾರಿದಾರೆ, ಇಲ್ಲ ಅಂತಾನೆ ಅಂದಿರ್ತಾಳೆ ಅಂದ್ಕೊಂಡೆ.’

ಈಗ ಐದು ವಾರದಿಂದ ಸುವರ್ಣ ಊಟ ಬಡಿಸುವಾಗ ಅವರ ಮುಖ ನೋಡುತ್ತಿಲ್ಲವಂತೆ. ಹಾಗಾಗಿ ಮತ್ತೆ ಕೇಳಬೇಕು. ಈ ಸಲ ಕೇಳಿಸಬೇಕು.

ಕಿಟಕಿಯ ಹತ್ತಿರ ಬೆರಳು ಹೊಸೆಯುತ್ತ ನಿಂತಿದ್ದ ಸುವರ್ಣ ನನಗೆ ಆಗ ಅರ್ಥವಾದಳು. ಐದು ವಾರದ ನಿದ್ದೆಯನ್ನು ಒಟ್ಟಿಗೇ ಕಳೆದುಕೊಳ್ಳುವಂಥ ವಿಷಯ ಇದು. ನನ್ನಂಥವಳಿಗೆ ಸಾಮಾನ್ಯವಾಗಿ ಇಲ್ಲದ ಕಾರಣಕ್ಕೂ ನಿದ್ದೆ ಬರುವುದಿಲ್ಲ. ಇಲ್ಲಿ ನಿಜವಾದ ಕಾರಣವೇ ಇತ್ತು. ಅವಳ ಉತ್ತರ ಏನಾಗಿತ್ತು ಎಂಬುದು ನನಗೆ ಗೊತ್ತಿಲ್ಲದಿದ್ದರೂ, ‘ಇಲ್ಲ’ ಎಂದವಳು ಹಾಗೆ ಎದ್ದು ಹೋಗುವುದಿಲ್ಲ ಎಂಬಷ್ಟು ಗೊತ್ತಿತ್ತು.

ಶ್ರವಣಯಂತ್ರದ ಬಗ್ಗೆ ಜನರಿಗಿರುವ ದೊಡ್ಡ ತಪ್ಪು ಕಲ್ಪನೆಯೆಂದರೆ ಅದು ಕನ್ನಡಕದ ಹಾಗೆ ಎಂಬುದು. ಕನ್ನಡಕ ಹಾಕಿದರೆ ಅಕ್ಷರ ಸ್ಪಷ್ಟವಾಗುತ್ತದೆ. ಯಂತ್ರ ಹಾಕಿದರೆ ಸದ್ದು ದೊಡ್ಡದಾಗುತ್ತದೆ, ಸ್ಪಷ್ಟವಾಗಬೇಕೆಂದೇನಿಲ್ಲ. ಒಳಗಿವಿಯ ನರ ಸವೆದಿದ್ದರೆ ದೊಡ್ಡದಾದ ಮಾತೂ ಕಲಸಿದಂತೆಯೇ ಕೇಳುತ್ತದೆ. ಅದನ್ನು ಅಳೆಯಲು ಇಪ್ಪತ್ತೈದು ಪದಗಳ ಪಟ್ಟಿಯಿದೆ. ನಾನು ಬಾಯಿಗೆ ಕಾಗದ ಅಡ್ಡ ಹಿಡಿದು ಒಂದೊಂದೇ ಪದ ಹೇಳುತ್ತೇನೆ, ಅವರು ತಿರುಗಿ ಹೇಳಬೇಕು. ದೊಡ್ಡಕ್ಕನಿಗೆ ಅವತ್ತು ಹದಿನಾರು ಬಂತು. ಒಂಬತ್ತು ಪದ ತಪ್ಪಿಸಿಕೊಳ್ಳುವ ಕಿವಿಯ ಮೇಲೆ ಒಬ್ಬಳ ಬದುಕನ್ನು ಹೇಗೆ ಇಡುವುದು?

ಬರೆದು ಕೇಳಬಹುದಲ್ಲ ಎಂದೆ. ಬರೆದದ್ದು ನಡೆಯುವುದಿಲ್ಲ ಎಂದು ಆಗಷ್ಟೇ ಹೇಳಿದ್ದರು. ನನ್ನ ಕಿವಿಯೂ ಆ ದಿನ ಅಷ್ಟಕ್ಕಷ್ಟೆ.

ಸೆಪ್ಟೆಂಬರಿನ ಮೊದಲ ವಾರ, ಆ ಪೂಜಾಕೋಣೆ ಎಷ್ಟು ನಿಶ್ಶಬ್ದವಾಗಿದೆ ಎಂದು ನೋಡಲು ಸದ್ದು ಅಳೆಯುವ ಮೀಟರ್ ಹಿಡಿದು ಚಾಮರಾಜಪೇಟೆಗೆ ಹೋದೆ. ಪಡಸಾಲೆಯಲ್ಲಿ ಐದಾರು ಜನ ಸಾಲಾಗಿ ಕೂತು ದಾರ ಹೊಸೆಯುತ್ತಿದ್ದರು. ಎಳೆಯನ್ನು ಮೊಣಕಾಲಿನ ಮೇಲೆ ಅಂಗೈಯಿಂದ ಉಜ್ಜುವುದು, ಎತ್ತುವುದು, ಮತ್ತೆ ಉಜ್ಜುವುದು. ಸುವರ್ಣ ಕೊನೆಯಲ್ಲಿದ್ದಳು, ತಲೆ ಎತ್ತಲಿಲ್ಲ. ನನಗೂ ಅಲ್ಲಿ ಕೂತುಬಿಡಬೇಕು ಅನ್ನಿಸಿತು. ಅತ್ತೆಯ ಮಾತ್ರೆ, ಗಂಡನ ಕಳೆದುಹೋದ ಬೀಗದ ಕೈ, ಮಗಳ ಪರೀಕ್ಷೆ ಯಾವುದೂ ಇಲ್ಲದ, ಯಾರೂ ನನ್ನನ್ನು ಕಾಯದ ಒಂದೇ ಒಂದು ಮಧ್ಯಾಹ್ನ. ಆ ಮನೆಯ ಮೊದಲ ಪ್ರಶ್ನೆಗೇ ನಾನು ಫೇಲಾಗುತ್ತೇನೆ ಎಂಬುದು ಗೊತ್ತಿದ್ದೂ ಹತ್ತು ನಿಮಿಷ ನಿಂತೇ ಇದ್ದೆ. ನಡುವೆ ಎರಡು ಸಲ ಫೋನ್ ನಡುಗಿತು.

‘ಬನ್ನಿ, ದಾರ ಕೊಡ್ತೀನಿ’ ಎಂದರು ಪಾರ್ವತಕ್ಕ. ‘ಆದ್ರೆ ಫೋನು ಹೊರಗಿಡ್ಬೇಕು. ನೀವು ಇಟ್ಟಂಗೆ ಇತ್ತು ಬಿಡಿ.’

ಪೂಜಾಕೋಣೆಯ ಬಾಗಿಲು ಹಾಕಿದರೂ ಮೀಟರ್ ಐವತ್ತೆಂಟು ತೋರಿಸಿತು. ಪಕ್ಕದಲ್ಲಿ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಮೊದಲಿನವರು ಆ ಕಟ್ಟಳೆ ಮಾಡಿದಾಗ ಅಲ್ಲಿ ಜಟಕಾ ಓಡಾಡುತ್ತಿದ್ದಿರಬೇಕು. ಇಷ್ಟು ಗದ್ದಲದಲ್ಲಿ ದೊಡ್ಡಕ್ಕನಿಗೆ ಇಪ್ಪತ್ತೈದರಲ್ಲಿ ಹತ್ತು ಪದ ಬಂದರೆ ಹೆಚ್ಚು. ನನಗೆ ಗೊತ್ತಿದ್ದಂತೆ ಬಸವನಗುಡಿ, ಚಾಮರಾಜಪೇಟೆ ಎರಡೂ ಸೇರಿಸಿದರೂ ಸದ್ದಿಲ್ಲದ ಕೋಣೆ ಒಂದೇ ಒಂದಿತ್ತು. ಅದರೊಳಗೆ ದೇವರಿರಲಿಲ್ಲ, ಕಾರ್ಪೆಟ್ ಇತ್ತು. ನನ್ನ ಕೋಣೆಯಲ್ಲಿ ಆಗಬಹುದೇ ಎಂದು ಕೊನೆಗೆ ಕೇಳಿದೆ. ಪಾರ್ವತಕ್ಕ ಗೋಡೆಯ ಕಡೆ ತಿರುಗಿಕೊಂಡರು. ದೊಡ್ಡಕ್ಕ, ‘ಲಿಂಗ ನನ್ನ ಕೊರಳಲ್ಲೇ ಇದೆಯಲ್ಲ, ಎಲ್ಲಿ ಕೂತ್ರೇನು’ ಎಂದರು.

ಮುಂದಿನ ಭಾನುವಾರ ಬೆಳಗ್ಗೆ ಕ್ಲಿನಿಕ್ಕಿಗೆ ರಜೆ. ನಾನು ಎಂಟಕ್ಕೇ ಹೋಗಿ ಕೂತೆ. ಎರಡು ಜೊತೆ ಹೊಸ ಬ್ಯಾಟರಿ ತೆಗೆದಿಟ್ಟೆ. ಇನ್ವರ್ಟರ್ ನೋಡಿದೆ. ಕೋಣೆಯೊಳಗೆ ಗಾಳಿ ಬರುವ ಸಣ್ಣ ಫ್ಯಾನಿನ ಸದ್ದೂ ಅಡ್ಡಿಯಾದೀತೆಂದು ಅದನ್ನು ಆರಿಸಿದೆ. ಆಮೇಲೆ ಉಸಿರು ಕಟ್ಟಿದರೆ ಎಂದು ಹಾಕಿದೆ. ಕಡೆಗೆ ಆರಿಸಿದೆ. ಒಂಬತ್ತೂವರೆಗೆ ಮೂವರೂ ಬಂದರು. ಪಾರ್ವತಕ್ಕ ಹೊರಗಿನ ಬೆಂಚಿನ ಮೇಲೆ ಕೂತರು. ನಾನು ಯಂತ್ರ ಪರೀಕ್ಷಿಸಿ, ಪದಗಳ ಪಟ್ಟಿ ಓದಿದೆ. ಹತ್ತೊಂಬತ್ತು ಬಂತು. ಅಷ್ಟರ ಮೇಲೆ ನನ್ನ ಕೈಲಿ ಇನ್ನೇನೂ ಇರಲಿಲ್ಲ.

ಇಬ್ಬರನ್ನೂ ಒಳಗೆ ಎದುರುಬದುರು ಕೂರಿಸಿ ಬಾಗಿಲು ಹಾಕಿದೆ. ಒಳಗಿನ ಮೈಕು ನನ್ನ ಹೆಡ್‌ಫೋನಿಗೆ ಸೇರಿದೆಯಲ್ಲ, ಸ್ವಿಚ್ ಆರಿಸಿದೆ. ಆರಿದೆಯೋ ಇಲ್ಲವೋ ಎಂದು ಅನುಮಾನ ಬಂದು ತಂತಿಯನ್ನೇ ಕಿತ್ತೆ. ಇನ್ನು ಉಳಿದದ್ದು ಗಾಜು. ನನ್ನ ವೃತ್ತಿಯವರ ಕಣ್ಣು ತುಟಿಯ ಮೇಲೆ ತಾನಾಗಿ ಹೋಗುತ್ತದೆ. ಹಾಗಾಗಿ ಕುರ್ಚಿ ತಿರುಗಿಸಿ, ಗೋಡೆಯ ಮೇಲಿನ ನನ್ನದೇ ಪದವಿಪತ್ರವನ್ನು ಓದುತ್ತ ಕೂತೆ. ಎಷ್ಟು ಸಲ ಓದಿದೆನೋ. ಒಂದು ಸಲ ಮಾತ್ರ ತಡೆಯಲಾರದೆ ತಿರುಗಿದೆ. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಓದುವ ಆಸೆ ಅವರಿಗೂ ಇತ್ತೆಂದು ಕಾಣುತ್ತದೆ. ಕಣ್ಣು ಮುಚ್ಚಿಯೇ ಮುಂದಕ್ಕೆ ಬಾಗಿ, ಬಲಗಿವಿಯನ್ನು ಸುವರ್ಣಳ ಬಾಯಿಯ ಹತ್ತಿರಕ್ಕೆ ಒಡ್ಡಿದ್ದರು. ಸುವರ್ಣಳ ಎರಡೂ ಕೈ ಅವರ ಮಡಿಲಲ್ಲಿದ್ದವು.

ಹನ್ನೊಂದು ನಿಮಿಷಕ್ಕೆ ಬಾಗಿಲು ತೆರೆಯಿತು. ಮುಖ ತೊಳೆಯಲು ಜಾಗ ಎಲ್ಲಿದೆ ಎಂದು ಸುವರ್ಣ ಕೇಳಿದಳು. ದೊಡ್ಡಕ್ಕ ಪಾರ್ವತಕ್ಕನ ಕಡೆ ತಿರುಗಿ, ‘ನಾಳೆ ಒಂದು ಬಣ್ಣದ ಸೀರೆ ತರಬೇಕು. ಸುವರ್ಣ ಹೋಗ್ತಾಳೆ’ ಎಂದರು. ಇಡೀ ಎರಡು ತಿಂಗಳು ನನ್ನನ್ನು ಮಾತಿನಲ್ಲೇ ಹುರಿದ ಪಾರ್ವತಕ್ಕ ಬೆಂಚಿನಿಂದೇಳಲಾರದೆ ಅಲ್ಲೇ ಅತ್ತುಬಿಟ್ಟರು. ಸುವರ್ಣ ಬಂದ ದಿನದಿಂದ ಅವಳಿಗೆ ಜಡೆ ಹಾಕಿದವರು, ಅಡುಗೆ ಕಲಿಸಿದವರು ಅವರೇ.

ಒಳಗೆ ನಡೆದದ್ದನ್ನು ದೊಡ್ಡಕ್ಕ ಮುಂದೊಂದು ದಿನ ಸುವರ್ಣಳ ಒಪ್ಪಿಗೆ ಪಡೆದೇ ನನಗೆ ಹೇಳಿದರು. ‘ಪೂಜಾಕೋಣೆಯಲ್ಲಿ ಆಡಿದ್ದು ಹೊರಗೆ ಹೇಳ್ಬಾರ್ದು. ಇದು ನಿಮ್ಮ ಪೆಟ್ಟಿಗೆಯೊಳಗೆ ಆಡಿದ್ದು, ಇದಕ್ಕೆ ಕಟ್ಟಳೆ ಇಲ್ಲ’ ಎಂದು ನಕ್ಕರು.

ಸುವರ್ಣಳಿಗೆ ತಂದೆ ತಾಯಿ ಇಲ್ಲ. ಗುಟ್ಟಹಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿ ಬೆಳೆದವಳು. ಅವರು ಗೊತ್ತುಮಾಡಿದ ಮದುವೆ ಬೇಡವೆಂದು ಈ ಮನೆಗೆ ಬಂದಾಗ ತಂಗಿ ರೂಪಳಿಗೆ ಹದಿನೇಳು ವರ್ಷ. ‘ನೀನು ಹೋಗಿರು, ನಾನು ಕಾಯ್ತೀನಿ’ ಎಂದು ಆಟೋ ಹತ್ತಿಸಿದ್ದಳು. ಎರಡು ವರ್ಷದ ಮೇಲೆ, ಮಾಸ್ಕಿನೊಳಗಿನಿಂದ, ಸುವರ್ಣ ಮೂರು ಸಲವೂ ‘ತಂಗಿ ಇದಾಳೆ, ಕಾಯ್ತಿದಾಳೆ’ ಎಂದೇ ಹೇಳಿದ್ದಳು. ಮೂರು ಸಲವೂ ದೊಡ್ಡಕ್ಕ ತಲೆಯಾಡಿಸಿ ನಕ್ಕು, ಬಿಳಿ ಸೀರೆ ಕೊಟ್ಟಿದ್ದರು. ಕೇಳಿಸಿಕೊಂಡೂ ಹೀಗೆ ಮಾಡಿದ್ದಾರೆಂದರೆ ಆ ಮೋಹವನ್ನು ಕಡಿ ಎಂದು ಅದರ ಅರ್ಥ, ದೊಡ್ಡಕ್ಕನಿಗೆ ತನಗಿಂತ ಚೆನ್ನಾಗಿ ಗೊತ್ತು, ಎಂದು ಅವಳು ತಿಳಿದಳು. ಆಮೇಲೆ ರೂಪ ಎರಡು ಸಲ ನೋಡಲು ಬಂದಾಗ ‘ಸಿಗಲ್ಲ ಅನ್ನಿ’ ಎಂದು ಒಳಗಿನಿಂದಲೇ ಹೇಳಿ ಕಳಿಸಿದ್ದಳು. ಮೂರನೆಯ ಸಲ ರೂಪ ಬರಲಿಲ್ಲ.

ಭಾನುವಾರ ನನ್ನ ಕೋಣೆಯಲ್ಲಿ ದೊಡ್ಡಕ್ಕ ಅದೇ ಪ್ರಶ್ನೆ ಕೇಳಿದಾಗ ಸುವರ್ಣಳ ಉತ್ತರ ಮೊದಲ ಸಲ ಅವರಿಗೆ ಹಿಡಿಯಲಿಲ್ಲವಂತೆ. ಆಗ ಅವರು, ಮೂರೂವರೆ ವರ್ಷದ ಹಿಂದೆ ಆಡಬೇಕಿದ್ದ ಮಾತನ್ನು ಆಡಿದರು: ‘ಕೇಳಿಸಲಿಲ್ಲ ಮಗು, ಇನ್ನೊಂದ್ಸಲ ಹೇಳು.’

ಸುವರ್ಣ ಹೇಳಿದ್ದು ಇಷ್ಟು: ‘ಗೊತ್ತಿಲ್ಲ ಅಕ್ಕಾ. ಆಗ ಇದ್ಳು.’

ದೊಡ್ಡಕ್ಕ ಮತ್ತೆ ಕೇಳಲಿಲ್ಲ. ಹೋಗಿ ನೋಡು ಎಂದರು. ಅಕ್ಕಂದಿರ ಮನೆ ಬಿಟ್ಟು ಬಂದೆನಲ್ಲ ಎಂದು ಅಲ್ಲಿ ಕೊರಗುವುದೂ ಬೇಡ, ನಾನು ಬಾ ಎನ್ನುತ್ತೇನೆಂದು ಹಿಂದಿರುಗುವುದೂ ಬೇಡ ಎಂದರು.

ರೂಪ ಈಗ ಬ್ಲೌಸ್ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು, ಸೋದರತ್ತೆಯ ಮನೆ ಬಿಟ್ಟು ಅಲ್ಲೇ ಗುಟ್ಟಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದಳು. ಬಾಗಿಲು ತೆಗೆದು, ಅಕ್ಕನ ಬಣ್ಣದ ಸೀರೆ ನೋಡಿ, ‘ಊಟ ಆಯ್ತಾ?’ ಎಂದಳಂತೆ. ಅನ್ನ ಬಡಿಸಿದಳು, ಚಾಪೆ ಹಾಸಿಕೊಟ್ಟಳು, ಆಮೇಲೆ ನಾಲ್ಕು ದಿನ ಒಂದು ಮಾತೂ ಆಡಲಿಲ್ಲ. ಐದನೆಯ ದಿನ ಶುರುವಾದ ಜಗಳ ಈಗಲೂ ನಡೆಯುತ್ತಿದೆಯಂತೆ. ಜಗಳ ಆಡಲು ಶುರುಮಾಡಿದಳು ಎಂದು ಹೇಳುವಾಗ ದೊಡ್ಡಕ್ಕನ ಮುಖ ಅರಳಿತ್ತು.

ಈ ಪ್ರಕರಣ ನನ್ನ ಕೆಲಸದ ರೀತಿಯನ್ನು ಬದಲಾಯಿಸಿತು. ಅದಕ್ಕೆ ಮೊದಲು ಯಂತ್ರ ಹಾಕಿದ ಮೇಲೆ ‘ಕೇಳಿಸ್ತಿದೆಯಾ?’ ಎಂದು ಕೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು, ನಾನು ಕಾರ್ಡಿನಲ್ಲಿ ಟಿಕ್ ಹಾಕುತ್ತಿದ್ದೆ. ತಲೆಯಾಡಿಸುವುದು ಉತ್ತರವಲ್ಲ ಎಂಬುದನ್ನು ತಿಳಿಯಲು ನನಗೆ ಹತ್ತೊಂಬತ್ತು ವರ್ಷ ಹಿಡಿಯಿತು. ಈಗ ನಾನು ಹೇಳಿದ್ದನ್ನು ಅವರ ಬಾಯಲ್ಲಿ ತಿರುಗಿ ಹೇಳಿಸುತ್ತೇನೆ. ಯಂತ್ರ ಕೊಡುವ ಮೊದಲು ‘ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳಿ’ ಎಂಬ ವಾಕ್ಯವನ್ನು ಎಲ್ಲರಿಂದಲೂ ಗಟ್ಟಿಯಾಗಿ ಅನ್ನಿಸುತ್ತೇನೆ. ದೊಡ್ಡ ಹುದ್ದೆಯಲ್ಲಿದ್ದವರು, ಮೇಷ್ಟರು, ಮನೆಯ ಯಜಮಾನರು ಎಲ್ಲರೂ ಆ ವಾಕ್ಯದಲ್ಲಿ ತಡವರಿಸುತ್ತಾರೆ. ಇಪ್ಪತ್ತೈದು ಪದಗಳ ಪಟ್ಟಿಗಿಂತ ಅದು ಕಷ್ಟದ ಪರೀಕ್ಷೆ.

ಡಿಸೆಂಬರಿನಲ್ಲಿ ದೊಡ್ಡಕ್ಕ ಮೂರು ತಿಂಗಳಿಗೊಮ್ಮೆಯ ತಪಾಸಣೆಗೆ ಬಂದರು. ಜೊತೆಗೆ ಪಾರ್ವತಕ್ಕ, ಈ ಸಲ ಕಾಫಿ ಕುಡಿದರು. ಯಂತ್ರವನ್ನು ದಿನಕ್ಕೆ ಎಷ್ಟು ಗಂಟೆ ಹಾಕಿಕೊಂಡಿದ್ದರು ಎಂಬುದು ಅದರೊಳಗೇ ದಾಖಲಾಗಿರುತ್ತದೆ. ಕಂಪ್ಯೂಟರಿಗೆ ಜೋಡಿಸಿ ನೋಡಿದೆ. ದಿನಕ್ಕೆ ಹದಿನೈದು ಗಂಟೆ. ಈ ವಯಸ್ಸಿನವರು ಎಂಟು ಗಂಟೆ ಹಾಕಿಕೊಂಡರೇ ನಾನು ಶಹಬ್ಬಾಸ್ ಎನ್ನುತ್ತೇನೆ. ತೊಂದರೆ ಏನಾದರೂ ಇದೆಯೇ ಎಂದೆ.

‘ಗೇಟಿನ ಚಿಲಕ ಸರಿಯಾಗಿ ಕೇಳಿಸಲ್ಲ’ ಎಂದರು.

ಚಿಲಕದ ಸದ್ದು ತೆಳುವಾದ, ಚೂಪಾದ ಸದ್ದು. ಅವರ ಕಿವಿ ಎಲ್ಲಕ್ಕಿಂತ ಹೆಚ್ಚು ಸೋತಿರುವುದು ಅಲ್ಲೇ. ಅದನ್ನು ಏರಿಸಿದರೆ ತಟ್ಟೆ ಲೋಟದ ಸದ್ದು, ಬಸ್ಸಿನ ಬ್ರೇಕು ಎಲ್ಲವೂ ಚುಚ್ಚತೊಡಗುತ್ತವೆ, ಬೇಡ ಎಂದು ವಿವರಿಸಿದೆ. ಚಿಲಕ ಕೇಳಿಸದಿದ್ದರೆ ಏನಂತೆ, ಬಂದವರು ಬೆಲ್ ಒತ್ತುತ್ತಾರಲ್ಲ?

ಪಾರ್ವತಕ್ಕ ಉತ್ತರ ಕೊಟ್ಟರು. ಸುವರ್ಣ ಗುಟ್ಟಹಳ್ಳಿಯ ರೂಮಿನಲ್ಲೇ ಕೂತು ಶಿವದಾರ ಹೊಸೆಯುತ್ತಾಳೆ. ಕೆಲವು ಸೋಮವಾರ ತಂದುಕೊಡಲು ಬರುತ್ತಾಳೆ, ಕೆಲವು ಸೋಮವಾರ ಬರುವುದಿಲ್ಲ. ಅವಳು ಬೆಲ್ ಒತ್ತುವುದಿಲ್ಲ, ಮನೆಯವಳ ಹಾಗೆ ಚಿಲಕ ತೆಗೆದು ಬರುತ್ತಾಳೆ. ದೊಡ್ಡಕ್ಕ ಸೋಮವಾರ ಮಧ್ಯಾಹ್ನ ಮಲಗುವುದನ್ನೇ ಬಿಟ್ಟಿದ್ದಾರೆ.

ದೊಡ್ಡಕ್ಕ ಅದನ್ನೆಲ್ಲ ಕೇಳಿಸಿಕೊಂಡರು. ಅಲ್ಲಗಳೆಯಲಿಲ್ಲ. ‘ಇಷ್ಟು ವರ್ಷ ಈ ಪ್ರಶ್ನೆ ಕೇಳ್ತಾ ಬಂದೆ. ಕಾಯೋರ ಕಡೆಯಿಂದ ಅದು ಹೇಗಿರುತ್ತೆ ಅಂತ ಗೊತ್ತಿರಲಿಲ್ಲ’ ಎಂದರು.

ನಾನು ಕಂಪ್ಯೂಟರಿನ ಕಡೆ ತಿರುಗಿ ಆ ತೆಳು ಸದ್ದುಗಳ ಮಟ್ಟವನ್ನು ಮೂರು ಡೆಸಿಬಲ್ ಏರಿಸಿದೆ. ಕೀಲಿ ಗೊಂಚಲನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟು, ಏನು ಕೇಳಿಸಿತು ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡು ಸರಿಯಾಗಿ ಹೇಳಿದರು. ಆಮೇಲೆ, ‘ಇನ್ನೊಂಚೂರು’ ಎಂದರು. ಚುಚ್ಚುತ್ತದೆ ಎಂದೆ. ‘ಚುಚ್ಚಲಿ ಬಿಡಿ’ ಎಂದರು. ಇನ್ನೂ ಎರಡು ಏರಿಸಿದೆ.